ಮಧ್ಯದ ಪೆಟ್ಟಿಗೆ

“ಹಾಗೆ ಕೈಯಲ್ಲಿ ಎತ್ತಿ ತೂಗಿ ನೋಡ್ಬೇಡಿ ಮೇಡಂ, ಇದೇನು ಕುಂಬಳಕಾಯಿ ಅಲ್ಲ,” ಅಂದ ಅಂಗಡಿಯವನು.

ತಂಗಿ ಕೈಯಲ್ಲಿದ್ದ ರೇಡಿಯೊ ಸೆಟ್ಟನ್ನು ಕೆಳಗಿಡಲಿಲ್ಲ. ಇನ್ನೊಂದು ಸಲ ತೂಗಿದಳು.

“ಕುಂಬಳಕಾಯಿ ಆಗಿದ್ರೆ ನಿಮ್ಮ ಮಾತು ನಂಬಿ ತಗೊಂಡು ಹೋಗ್ತಿದ್ದೆ. ಇದು ತೀರಾ ಹಗುರ. ಶಾಖ ಹೀರೋ ಅಲ್ಯೂಮಿನಿಯಂನಲ್ಲೇ ಜಿಪುಣತನ ಮಾಡಿದ್ದಾರೆ. ಸ್ವಲ್ಪ ಹೊತ್ತು ಬಿಡದೆ ಮಾತಾಡಿದ್ರೆ ಇದರ ಬೆನ್ನ ಮೇಲೆ ಬಟ್ಟೆ ಇಸ್ತ್ರಿ ಮಾಡಬಹುದು.”

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಡಿಯಾರದ ಮಾವ ನಕ್ಕರು. “ನೋಡಿದ್ರಾ? ಎಡಚನ ತಂಗಿ. ಅಣ್ಣನೇ ಬಾಯಿಪಾಠ ಮಾಡಿಸಿದ್ದು.”

ಎಡಚ. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಅವಳು ಕಾರು ಓಡಿಸುವುದನ್ನು ಕಲಿಸುವವಳು. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ವರ್ಷಗಟ್ಟಲೆ ಅದನ್ನು ತುಳಿದು ತುಳಿದು, ಸಿಟ್ಟು ನೆತ್ತಿಗೇರಿದಾಗಲೆಲ್ಲ ಅವಳ ಕಾಲು ಇಲ್ಲದ ಬ್ರೇಕನ್ನು ಹುಡುಕುವುದು ರೂಢಿಯಾಗಿಬಿಟ್ಟಿತ್ತು.

ಅಣ್ಣ ತನ್ನದೇ ಮನೆಯ ತಾರಸಿಯ ಆಂಟೆನಾ ಕಂಬದಿಂದ ಬಿದ್ದು ಸತ್ತಿದ್ದ. ಆಕಸ್ಮಿಕ ಎಂದು ಬರೆದು ಪೊಲೀಸರು ಕೈತೊಳೆದುಕೊಂಡರು. ಲಿಫ್ಟ್ ರಿಪೇರಿ ಮಾಡುತ್ತಿದ್ದವನು ಅವನು. ಮನೆಯ ಬಲ್ಬ್ ಬದಲಾಯಿಸುವುದಕ್ಕೂ ಸೊಂಟಕ್ಕೆ ಬೆಲ್ಟ್ ಬಿಗಿಯುವ ಆಸಾಮಿ. ಅಂಥವನು ಬೆಲ್ಟ್ ಇಲ್ಲದೆ ಕಂಬ ಹತ್ತಿದ ಎಂದರೆ ನಂಬುವುದಕ್ಕೆ ಅವಳ ಕಿವಿಯ ಮೇಲೇನು ಹೂವಿರಲಿಲ್ಲ.

ಅದರ ಜೊತೆಗೆ ಅವನ ಹೊಸ ಸೆಟ್ಟೂ ಮಾಯವಾಗಿತ್ತು. ಬೆಲೆ ಎಷ್ಟು, ಬಾಳಿಕೆ ಎಷ್ಟು, ದೂರದ ಸಣ್ಣ ದನಿಯನ್ನು ಗದ್ದಲದಿಂದ ಹೆಕ್ಕಿ ತೆಗೆಯುವ ತಾಕತ್ತು ಎಷ್ಟು ಎಂದು ಊಟಕ್ಕೆ ಕೂತಾಗಲೂ ಅಳೆದು ತೂಗಿ, ಕೊನೆಗೊಂದು ದಿನ ಮಗುವನ್ನು ಎತ್ತಿಕೊಂಡು ಬಂದ ಹಾಗೆ ತಂದಿದ್ದ ಸೆಟ್ಟು. ಅವನು ಸತ್ತ ಮಾರನೆಯ ದಿನ ಮೇಜಿನ ಮೇಲೆ ಹಳೆಯದು ಕೂತಿತ್ತು, ಹೊಸದರ ಖಾಲಿ ಪೆಟ್ಟಿಗೆ ಕೂಡ ಇರಲಿಲ್ಲ.

“ಅವರೇ ಮಾರಿದ್ರೋ ಏನೋ. ಆ ಡಬ್ಬಗಳಲ್ಲಿ ಯಾವುದು ಯಾವುದು ಅಂತ ನಂಗೇನು ಗೊತ್ತಾಗುತ್ತೆ?” ಎಂದು ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಳು.

ಸೆಟ್ಟು ಸಿಕ್ಕರೆ ಕದ್ದವನು ಸಿಗುತ್ತಾನೆ, ಕದ್ದವನು ಸಿಕ್ಕರೆ ತಳ್ಳಿದವನು ಸಿಗುತ್ತಾನೆ. ತಂಗಿಯ ಲೆಕ್ಕ ಇಷ್ಟೇ. ಆಮೇಲೆ ಕೋರ್ಟು ಕಚೇರಿ ಏನು ಬೇಕಾದರೂ ಮಾಡಿಕೊಳ್ಳಲಿ. ಮೊದಲು ಅವನ ಕಾಲ ಕೆಳಗಿನ ನೆಲವನ್ನು ತಾನೇ ಎಳೆಯಬೇಕು, ಅವನು ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡಬೇಕು. ಆ ಒಂದು ಆಸೆಗೆ ಅವಳು ಇಷ್ಟು ದಿನ ಅನ್ನ ತಿಂದಿದ್ದಳು.

ಆ ಆಸೆಯೇ ಅವಳನ್ನು ಬಸ್ಸು ಹತ್ತಿಸಿ, ಪಕ್ಕದ ಊರಿನ ಈ ಅಂಗಡಿಗೆ ಕರೆತಂದಿತ್ತು. ಮನೆಯಲ್ಲೇ ಸೆಟ್ಟಿಟ್ಟು ದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊದವರಿಗೆ ಬೇಕಾದ ಎಲ್ಲವೂ ಇಲ್ಲಿ ಸಿಗುತ್ತದೆಂದು ಫಲಕ ಹೇಳುತ್ತಿತ್ತು. ಮಾಲೀಕನ ಮಾತು ಎಷ್ಟು ನುಣುಪೆಂದರೆ ಗಿರಾಕಿಗಳು ಅವನಿಗೆ ಬೆಣ್ಣೆ ಎಂದೇ ಹೆಸರಿಟ್ಟಿದ್ದರು.

ಬೆಣ್ಣೆ ಮೂರು ಸೆಟ್ಟುಗಳನ್ನು ಸಾಲಾಗಿ ಇಟ್ಟಿದ್ದ. ಎಡಕ್ಕೆ ಅಗ್ಗದ್ದು, ಬಲಕ್ಕೆ ದುಬಾರಿಯದು. ನಡುವೆ ಒಂದು ಪೆಟ್ಟಿಗೆ, ಇನ್ನೂ ಅಂಟುಪಟ್ಟಿ ಬಿಚ್ಚಿರಲಿಲ್ಲ.

“ಅಗ್ಗದ್ದು ಕಲಿಯೋರಿಗೆ, ದುಬಾರಿದು ಶೋಕಿಗೆ. ಬುದ್ಧಿವಂತರು ಕೈ ಇಡೋದು ಮಧ್ಯದ್ದಕ್ಕೆ. ಇದರ ಕಿವಿ ಸೂಕ್ಷ್ಮ, ಗಂಟಲು ಗಟ್ಟಿ. ಬೇರೆ ಕಡೆ ಈ ಬೆಲೆಗೆ ಇದರ ಮೈಕ್ ಕೂಡ ಕೊಡಲ್ಲ.”

ಜಾಹೀರಾತಿನಲ್ಲಿ ಕಂಡ ಆ ಬೆಲೆಯೇ ಅವಳ ಕಣ್ಣಿಗೆ ಬಿದ್ದಿದ್ದ ಮುಳ್ಳು. ಅಣ್ಣ ಕೊಂಡಿದ್ದೂ ಇದೇ ಮಾದರಿ. ಅದರ ಅಸಲು ಬೆಲೆ ಅವಳಿಗೆ ಚೆನ್ನಾಗಿ ಗೊತ್ತು. ಕಂಪನಿಯಿಂದ ನೇರ ಬಂದ ಮಾಲನ್ನು ಯಾವ ವ್ಯಾಪಾರಿಯೂ ಇಷ್ಟು ಕಡಿಮೆಗೆ ಕೊಟ್ಟು ಮನೆ ಮಠ ಕಳೆದುಕೊಳ್ಳುವುದಿಲ್ಲ. ಒಂದೋ ಅದು ನಕಲಿ ಆಗಿರಬೇಕು, ಇಲ್ಲವೇ ಕದ್ದದ್ದು.

“ಮಧ್ಯದ್ದು ಬಿಚ್ಚಿ ತೋರಿಸಿ,” ಅಂದಳು.

“ಬೇಡ ಮಗಳೇ,” ಅಂದರು ಮಾವ, ಕುರ್ಚಿಯಿಂದಲೇ. “ನಿನಗೆ ಅಗ್ಗದ್ದೇ ಸಾಕು. ಸುಮ್ನೆ ಯಾಕೆ ದುಡ್ಡು ಸುರೀತೀಯ? ಬಿಚ್ಚಿಸಿದ ಮೇಲೆ ಬೇಡ ಅಂದ್ರೆ ಪಾಪ, ಇವರಿಗೂ ನಷ್ಟ.”

ತಂಗಿಗೆ ಒಳಗೊಳಗೇ ಅಚ್ಚರಿಯಾಯಿತು. ಮಾವ ರೇಡಿಯೊ ಕ್ಲಬ್ಬಿನ ಅಧ್ಯಕ್ಷರು. ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಚಿಮುಟ ಹಿಡಿದು ಕೂರುವ ಮನುಷ್ಯ, ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದುದು ಒಂದೇ ಮಾತು: ಅಗ್ಗದ್ದು ಎರಡು ಸಲ ದುಡ್ಡು ಕೇಳುತ್ತೆ. ಇವತ್ತು ರಾಗ ಬದಲಾಗಿತ್ತು. ಅಣ್ಣನಿಲ್ಲದ ಹುಡುಗಿ ಎಂದು ಕನಿಕರ ಇರಬೇಕು ಎಂದುಕೊಂಡಳು.

ಅಣ್ಣನ ಬಹುಕಾಲದ ಗೆಳೆಯ ಬೇರೆ. ಅವರ ಮೇಲೆ ಅತ್ತಿಗೆಗೆ ಮುನಿಸು. ಗಂಡನಿಗೆ ಈ ಕಂಬದ ಹುಚ್ಚು ಹಿಡಿಸಿದ್ದೇ ಅವರು ಎಂದು ಮಾತು ಬಿಟ್ಟಿದ್ದಳು. ಆದರೂ ಬೆಳಗ್ಗೆ ಬುತ್ತಿ ಕಟ್ಟಿಕೊಡುವಾಗ ಅವಳೇ ಹೇಳಿದ್ದಳು. “ಒಬ್ಳೇ ಹೋಗ್ಬೇಡ. ನಂಗಂತೂ ಅವರ ಜೊತೆ ಮಾತಿಲ್ಲ, ನೀನೇ ಕೇಳಿ ಕರ್ಕೊಂಡು ಹೋಗು. ಅಮ್ಮನ ಚಿಂತೆ ಮಾಡ್ಬೇಡ, ನಾನಿದ್ದೀನಿ.” ಮಗ ಹೋದ ಮೇಲೆ ಅಮ್ಮ ಅತ್ತಿಗೆಯ ಜೊತೆಗೇ ಇದ್ದಳು. ಮಂಡಿನೋವು, ಕಣ್ಣು ಮಬ್ಬು. ತಾರಸಿಯ ಮೆಟ್ಟಿಲಿನ ಕಡೆಗಂತೂ ತಿರುಗಿಯೂ ನೋಡುತ್ತಿರಲಿಲ್ಲ.

“ಮೊದಲು ಅಗ್ಗದ್ದೇ ನೋಡೋಣ ಮಾವ. ಅಜ್ಜಿಗೆ ಹೇಳಿಟ್ಟಿದ್ದೀನಿ, ಕಾಯ್ತಿರ್ತಾರೆ.”

ಸೆಟ್ಟುಗಳನ್ನು ಹೋಲಿಸುವುದಕ್ಕೆ ರೇಡಿಯೊದವರ ಪದ್ಧತಿ ಅದು. ಅದೇ ಆಂಟೆನಾ, ಅಷ್ಟೇ ಶಕ್ತಿ, ಆ ಕಡೆ ಅದೇ ಕಿವಿ. ಅಂಗಡಿಯವನ ಹೊಗಳಿಕೆ ಬೇಡ, ದೂರದ ಊರಲ್ಲಿ ಕೂತು ಕೇಳುವವರು ಹೇಳಲಿ. ಕ್ಲಬ್ಬಿನವರೆಲ್ಲ ಅಜ್ಜಿ ಎಂದು ಕರೆಯುವ ಮುದುಕಿಯದು ಅಂಥ ಕಿವಿ. ತಂತಿ ಕಚೇರಿಯಲ್ಲಿ ತಲೆ ಹಣ್ಣು ಮಾಡಿಕೊಂಡ ಆಕೆ, ಟಕಟಕ ಎನ್ನುವ ಮೋರ್ಸ್ ಸದ್ದಿನಲ್ಲೇ ಆಚೆಯವರ ನೆಗಡಿ ಕೂಡ ಕಂಡುಹಿಡಿಯುತ್ತಾಳೆಂದು ಕ್ಲಬ್ಬಿನವರು ತಮಾಷೆ ಮಾಡುತ್ತಿದ್ದರು.

ಅಣ್ಣನ ಜೊತೆ ಕೊನೆಯದಾಗಿ ಮಾತಾಡಿದ್ದೂ ಅಜ್ಜಿಯೇ. ಆ ಸಂಜೆ ಕತ್ತಲು ಕವಿದ ಮೇಲೆ ಅವನ ಸಂಕೇತನಾಮ, ಅಂದರೆ ರೇಡಿಯೊದ ಹೆಸರು, ಗಾಳಿಯಲ್ಲಿ ಬಂತು, ಮೋರ್ಸ್‌ನಲ್ಲೇ ನಾಲ್ಕು ಮಾತು ಆಯಿತು, ಹೋಯಿತು. “ಕೈ ಯಾಕೋ ತಡವರಿಸ್ತಿತ್ತು ಹುಡುಗಿ, ದಣಿದಿದ್ದಾನೆ ಅಂದ್ಕೊಂಡೆ,” ಎಂದು ಆಮೇಲೆ ನೊಂದುಕೊಂಡಿದ್ದಳು. ಆ ಮಾತುಕತೆಯ ಆಧಾರದ ಮೇಲೆಯೇ ಪೊಲೀಸರು ಸಾವಿನ ಹೊತ್ತನ್ನು ಗೊತ್ತುಮಾಡಿದ್ದರು. ಅದಾದ ಮೇಲೆ ಬಿದ್ದಿದ್ದಾನೆ. ಅಷ್ಟು ಹೊತ್ತಿಗೆ ಅವನನ್ನು ಬಲ್ಲವರೆಲ್ಲ ಕ್ಲಬ್ಬಿನ ಸಭೆಯಲ್ಲಿ ಗಡಿಯಾರದ ಮಾವನ ಭಾಷಣ ಕೇಳುತ್ತಾ ಆಕಳಿಸುತ್ತಿದ್ದರು. ಅತ್ತಿಗೆ ತವರಿನಲ್ಲಿದ್ದಳು.

ಬೆಣ್ಣೆ ಅಗ್ಗದ ಸೆಟ್ಟಿಗೆ ಆಂಟೆನಾ ಸಿಕ್ಕಿಸಿ, ಮುಂದೆ ಪ್ಯಾಡಲ್ ಇಟ್ಟ. ಅಂಗೈಯಗಲದ ಸಾಧನ, ನೆಟ್ಟಗೆ ನಿಂತ ಎರಡು ಪಟ್ಟಿ. ಹೆಬ್ಬೆರಳು ತಾಗಿದರೆ ಚುಕ್ಕಿ, ತೋರುಬೆರಳು ತಾಗಿದರೆ ಗೆರೆ. ಮೋರ್ಸ್ ಭಾಷೆಗೆ ಅಷ್ಟೇ ಬಂಡವಾಳ.

“ಮೊದಲು ನೀವೇ ಕರೀರಿ ಮಾವ, ದೊಡ್ಡವರು.”

ಮಾವ ಕುರ್ಚಿ ಎಳೆದುಕೊಂಡು, ಬಲಗೈಯಲ್ಲಿ ಪ್ಯಾಡಲ್ ಹಿಡಿದು, ಅಜ್ಜಿಯನ್ನು ಕರೆದರು. ಅಜ್ಜಿ ತಡಮಾಡಲಿಲ್ಲ. “ಗಡಿಯಾರದವನೇ, ನಿನ್ನ ಕೈ ಇನ್ನೂ ಟಿಕ್ ಟಿಕ್ ಅಂತಲೇ ಇದೆ. ಸೆಟ್ ಮಾತ್ರ ಕೆಟ್ಟದ್ದು. ಸೀಸೆಯೊಳಗೆ ನೊಣ ಬಿಟ್ಟ ಹಾಗೆ ಗುಂಯ್ ಅನ್ನುತ್ತೆ.”

ಮೂವರಿಗೂ ಮೋರ್ಸ್ ಬರುತ್ತಿತ್ತು, ಮೂವರೂ ನಕ್ಕರು. ಒಬ್ಬೊಬ್ಬರ ಬರಹ ಒಂದೊಂದು ಥರ ಇರುವ ಹಾಗೆ ಮೋರ್ಸ್ ಒತ್ತುವ ಕೈಯೂ ಒಂದೊಂದು ಥರ. ಚುಕ್ಕಿ ಗೆರೆಗಳ ಉದ್ದವನ್ನು ಸೆಟ್ಟು ಅಳೆದು ಕೊಡಬಹುದು, ನಡುನಡುವಿನ ಬಿಡುವು ಮಾತ್ರ ಅವರವರದೇ.

ದುಬಾರಿ ಸೆಟ್ಟಿನಲ್ಲಿ ತಂಗಿ ಕೂತಳು. “ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗಿದೆ ಹುಡುಗಿ. ಆದ್ರೆ ಈ ಬೆಲೆಗೆ ಚಮಚ ಚಿನ್ನದ್ದಾಗಿರಬೇಕಿತ್ತು,” ಅಂದಳು ಅಜ್ಜಿ.

ಅಷ್ಟರಲ್ಲಿ ಮಾವನ ಫೋನು ಗುರುಗುಟ್ಟಿತು. ಪರದೆ ನೋಡಿದವರೇ ಎದ್ದರು. “ಯಾರೋ ಗಿರಾಕಿ. ಗಡಿಯಾರ ನಿಂತೋಗಿದೆ ಅಂತ ದಿನಾ ತಲೆ ತಿಂತಾರೆ. ಮಗಳೇ, ಅಗ್ಗದ್ದಕ್ಕೇ ಬೆಲೆ ಮಾತಾಡು. ಅಜ್ಜಿಗೆ ವಯಸ್ಸಾಯ್ತು, ಅವಳಿಗೆ ಎಲ್ಲಾ ನೊಣದ ಹಾಗೇ ಕೇಳ್ಸುತ್ತೆ.” ಗಾಜಿನ ಬಾಗಿಲು ತಳ್ಳಿಕೊಂಡು ಬೀದಿಗಿಳಿದರು.

“ಈಗ ಬಿಚ್ಚಿ,” ಅಂದಳು ತಂಗಿ.

ಬೆಣ್ಣೆ ಅಂಟುಪಟ್ಟಿ ಕೊಯ್ದ. ಥರ್ಮೊಕೋಲು, ಪ್ಲಾಸ್ಟಿಕ್ ಚೀಲ, ಪರದೆಯ ಮೇಲೆ ತೆಳು ಹಾಳೆ ಎಲ್ಲವೂ ಸರಿಯಾಗಿದ್ದವು. ಆದರೆ ಹಾಳೆಯ ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತ್ತು. ಒಮ್ಮೆ ಕಿತ್ತು ಮತ್ತೆ ಅಂಟಿಸಿದರೆ ಏಳುತ್ತದಲ್ಲ, ಹಾಗೆ. ಚೀಲ ಬಿಚ್ಚಿದಾಗ ಹೊಸ ಸೆಟ್ಟಿನ ವಾಸನೆಯೂ ಬರಲಿಲ್ಲ. ತಂಗಿ ಎರಡನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಅದೇ ಪ್ಯಾಡಲ್ ಸಿಕ್ಕಿಸಿ ಅಜ್ಜಿಯನ್ನು ಕರೆಯಲು ಬೆರಳಿಟ್ಟಳು. ಹೆಬ್ಬೆರಳು ತಾಗಿಸಿದ ಕಡೆ ಚುಕ್ಕಿ ಬರಬೇಕು. ಗೆರೆ ಬಂತು. ತೋರುಬೆರಳಿಗೆ ಚುಕ್ಕಿ ಉದುರಿತು. ಅವಳ ಹೆಸರು ಯಾವ ಭಾಷೆಗೂ ಸೇರದ ಕಲಸುಮೇಲೋಗರವಾಗಿ ಗಾಳಿಗೆ ಹೋಯಿತು.

ಅವಳು ಕೈ ತೆಗೆದಳು.

ಕಂಪನಿಗಳು ಸೆಟ್ಟು ಮಾಡುವುದು ಬಲಗೈಯವರಿಗೆ. ಎಡಗೈಯವರು ಒಳಗಿನ ಸೆಟ್ಟಿಂಗ್ ಹುಡುಕಿ ಅದಲು ಬದಲು ಮಾಡಿಕೊಳ್ಳಬೇಕು. ಅಣ್ಣ ಅಷ್ಟಕ್ಕೆ ತೃಪ್ತನಾಗುವ ಜಾತಿಯಲ್ಲ. ತಂದ ದಿನವೇ ಮುಚ್ಚಳ ಬಿಚ್ಚಿ, ಪ್ಯಾಡಲ್ ಸಿಕ್ಕಿಸುವ ತೂತಿನ ಹಿಂದಿನ ಎರಡು ವೈರುಗಳನ್ನೇ ಅದಲು ಬದಲು ಮಾಡಿ ಬೆಸುಗೆ ಹಾಕಿದ್ದ. ವಾರಂಟಿ ಹಾಳು ಮಾಡಿದೆ ಎಂದು ಅವಳು ಜಗಳ ತೆಗೆದಿದ್ದಳು. ಅವನು ನಕ್ಕಿದ್ದ. “ಸೆಟ್ಟಿಂಗ್ ಯಾರು ಬೇಕಾದ್ರೂ ಅಳಿಸಬಹುದು ಕಣೇ. ಬೆಸುಗೆ ಅಳಿಸೋಕಾಗಲ್ಲ.”

ಕಣ್ಣು ಉರಿಯಿತು. ಅಳುವುದಕ್ಕೆ ಇದು ಹೊತ್ತಲ್ಲ ಎಂದು ತನ್ನನ್ನೇ ಗದರಿಸಿಕೊಂಡಳು.

“ನೀವು ಒತ್ತಿ,” ಎಂದು ಪ್ಯಾಡಲನ್ನು ಬೆಣ್ಣೆಯ ಕಡೆ ನೂಕಿದಳು.

ಅವನು ಒತ್ತಿದ. ಅದೇ ಕಲಸುಮೇಲೋಗರ. ಮುಖ ಕೆಂಪಾಯಿತು. ವೈರು ಎಳೆದು ನೋಡಿದ, ಸೆಟ್ಟಿಂಗ್ ನೋಡಿದ, ಎಲ್ಲಾ ಸರಿ ಇದೆಯಲ್ಲ ಎಂದು ಗೊಣಗಿದ, ಪ್ಯಾಡಲನ್ನು ದುಬಾರಿ ಸೆಟ್ಟಿಗೆ ಹಾಕಿ ಒತ್ತಿದ. ಅಲ್ಲಿ ಸರಿಯಾಗಿ ಬಂತು. ಮಧ್ಯದ್ದಕ್ಕೆ ಹಾಕಿದ, ಮತ್ತೆ ಉಲ್ಟಾ.

ತಂಗಿ ಅವನ ಮುಖವನ್ನೇ ನೋಡುತ್ತಿದ್ದಳು. ಇದು ನಾಟಕವಲ್ಲ. ಈ ಸೆಟ್ಟಿನ ಗುಟ್ಟು ಇವನಿಗೆ ಗೊತ್ತಿಲ್ಲ. ಕುತ್ತಿಗೆ ಹಿಡಿಯಲು ಬಂದಿದ್ದ ಅವಳಿಗೆ ಅಷ್ಟು ದೂರದಿಂದ ಹೊತ್ತು ತಂದಿದ್ದ ಸಿಟ್ಟನ್ನು ಎಲ್ಲಿ ಇಳಿಸುವುದೆಂದೇ ತಿಳಿಯದಾಯಿತು.

“ಕಂಪನಿಯಿಂದ ಬಂದಿದ್ದು ಅಂದ್ರಿ.”

“ಹೌದು ಮೇಡಂ, ಅಂದ್ರೆ, ಒಂಥರಾ…”

“ಒಂಥರಾ ಅನ್ನೋ ಕಂಪನಿ ನಾನು ಕೇಳಿಲ್ಲ. ನೋಡಿ, ಇದು ಸತ್ತ ಮನುಷ್ಯನ ಸೆಟ್ಟು. ಅವನು ನಮ್ಮಣ್ಣ. ಈಗ ನೀವು ನಿಜ ಹೇಳಿದ್ರೆ ಮೋಸ ಹೋದ ವ್ಯಾಪಾರಿ. ಆಮೇಲೆ ಹೇಳಿದ್ರೆ ಕೊಲೆಗಾರನ ಪಾಲುದಾರ. ಯಾವುದು ಅಗ್ಗ, ನೀವೇ ಲೆಕ್ಕ ಹಾಕಿ.”

ಬೆಣ್ಣೆ ಕರಗಿದ. “ಪಾರ್ಸೆಲ್‌ನಲ್ಲಿ ಬಂತು ಮೇಡಂ. ಫೋನಲ್ಲೇ ವ್ಯಾಪಾರ. ನೆಂಟರು ಪರದೇಶದಿಂದ ಕಳಿಸಿದ್ದು, ನಮಗೆ ಉಪಯೋಗ ಇಲ್ಲ, ಬಿಚ್ಚೇ ಇಲ್ಲ ಅಂದ್ರು. ಕಡಿಮೆಗೆ ಸಿಗ್ತು. ಆಸೆ ಬಿತ್ತು.”

“ಅಂದ್ರು ಅಂದ್ರೆ ಯಾರು? ದನಿ ಹೇಗಿತ್ತು ಅವನದ್ದು?”

“ಅವನಲ್ಲ. ಹೆಂಗಸು.”

ಹೆಂಗಸು. ಈ ಕಥೆಯಲ್ಲಿ ಹೆಂಗಸು ಎಲ್ಲಿಂದ ಬಂದಳು?

ಗಾಜಿನ ಬಾಗಿಲಾಚೆ ಮಾವ ಇನ್ನೂ ಫೋನಿನಲ್ಲಿದ್ದರು. “ಮಾವ ಬಂದ್ರೆ ಏನೂ ಹೇಳ್ಬೇಡಿ,” ಅಂದಳು ಪಿಸುದನಿಯಲ್ಲಿ. “ನಾವು ಒತ್ತಿ ನೋಡಿದ್ದೂ ಹೇಳ್ಬೇಡಿ. ವಯಸ್ಸಾದವರು. ಗೆಳೆಯನ ಸೆಟ್ಟು ಅಂತ ಗೊತ್ತಾದ್ರೆ ಎದೆ ಒಡ್ಕೋತಾರೆ.”

ಬಾಗಿಲು ತೆರೆಯಿತು. ಮಾವ ಒಳಗೆ ಬಂದು, ಬಿಚ್ಚಿದ ಪೆಟ್ಟಿಗೆ ನೋಡಿ ನಿಂತುಬಿಟ್ಟರು.

“ಬಿಚ್ಚಿಸಿಬಿಟ್ಯಾ?”

“ಈಗ ತಾನೇ ಬಿಚ್ಚಿದ್ರು. ಇನ್ನೂ ಮುಟ್ಟಿಲ್ಲ,” ಅಂದಳು. ಸುಳ್ಳು ಯಾಕೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಅವರ ಮುಖದ ಬಣ್ಣ ಇಳಿದದ್ದು ಕಂಡಿತ್ತು, ನಾಲಿಗೆ ಅವಳಿಗಿಂತ ಮೊದಲೇ ಕಾಲು ಬ್ರೇಕಿನ ಮೇಲಿಟ್ಟಿತ್ತು.

ಅದೇ ಹೊತ್ತಿಗೆ ಸ್ಪೀಕರಿನಲ್ಲಿ ಅಜ್ಜಿ ಬಂದಳು. ಎರಡು ಸಲ ಕಸದಂಥ ಸದ್ದು ಕೇಳಿ ಹುಡುಗಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಈ ಸಲ ಕರೆದದ್ದು ಮಾವನ ಸಂಕೇತನಾಮವನ್ನು. ಒಂದು ಸಲ ಕರೆದು ಕಾದಳು, ಮತ್ತೆ ಕರೆದಳು.

ಗಾಳಿಯಲ್ಲಿ ಯಾರಾದರೂ ಹೆಸರಿಟ್ಟು ಕರೆದರೆ ಓಗೊಡದೆ ಕೂರುವುದು ರೇಡಿಯೊದವರ ಪಾಲಿಗೆ ಎದುರು ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಕ್ಲಬ್ಬಿನ ಅಧ್ಯಕ್ಷರಾಗಿ ಆ ಪಾಠವನ್ನು ಎಲ್ಲರಿಗೂ ಹೇಳಿಕೊಟ್ಟವರೇ ಮಾವ.

“ಅಜ್ಜಿ ಕಾಯ್ತಿದ್ದಾರೆ. ಉತ್ತರ ಕೊಡಿ ಮಾವ.”

“ದುಬಾರಿದಕ್ಕೆ ವೈರು ಹಾಕಿ, ಅದರಲ್ಲಿ…”

“ಇದೇ ಸಿಕ್ಕಿಸಿದೆಯಲ್ಲ. ಕೂತ್ಕೊಳ್ಳಿ.”

ಮಾವ ಫೋನನ್ನು ಮೇಜಿನ ಅಂಚಿಗಿಟ್ಟು ಕೂತರು. ಕೂತ ರೀತಿ ವಿಚಿತ್ರವಾಗಿತ್ತು. ಅಗ್ಗದ ಸೆಟ್ಟಿನ ಮುಂದೆ ಕಾಲು ಚಾಚಿ ಕೂತಿದ್ದವರು ಈಗ ಬೆನ್ನನ್ನು ಇವರ ಕಡೆ ತಿರುಗಿಸಿ, ಭುಜ ಅಗಲಿಸಿ, ಪ್ಯಾಡಲನ್ನು ಮರೆಮಾಡಿಕೊಂಡು ಕೂತರು. ಮೋರ್ಸ್ ಶುರುವಾಯಿತು. ಒಂದು ತಪ್ಪಿಲ್ಲ. “ನಮಸ್ಕಾರ ಅಜ್ಜಿ. ಈ ಸೆಟ್ ಚೆನ್ನಾಗಿಲ್ಲ. ಅಗ್ಗದ್ದೇ ತಗೊಳ್ತೀವಿ. ಮುಗಿಸ್ತೀನಿ.”

ಬೆಣ್ಣೆ ಬಾಯಿ ತೆರೆದ. ತಂಗಿ ಅವನ ಕಾಲು ತುಳಿದಳು.

ಮಾವನ ಎದುರಿಗೆ ಗೋಡೆಗಾನಿಸಿದ ಗಾಜಿನ ಬೀರು ಇತ್ತು. ಅದರೊಳಗೆ ಮಾವನ ಎದೆ, ತೊಡೆ, ಕೈ ಎಲ್ಲವೂ ಕಾಣುತ್ತಿದ್ದವು. ಒಂದು ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪ್ಯಾಡಲ್ ಮೇಲೆ ಆಡುತ್ತಿದ್ದ ಕೈಯಲ್ಲಿ ವಾಚು ಇತ್ತು.

ಮಾವ ವಾಚು ಕಟ್ಟುವುದು ಎಡಗೈಗೆ.

ಉಲ್ಟಾ ಸೆಟ್ಟಿನ ಮುಂದೆ ಗೊತ್ತಿಲ್ಲದವರು ಕೂತರೆ ತಪ್ಪು ಮಾಡುತ್ತಾರೆ, ಅವಳು ಮಾಡಿದಳು, ಬೆಣ್ಣೆ ಮಾಡಿದ. ಗೊತ್ತಿದ್ದವರು ಮಾತ್ರ ಗುಟ್ಟು ಹೊರಬೀಳಬಾರದೆಂದು ಕೈ ಬದಲಾಯಿಸುತ್ತಾರೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ, ಇವರು ಆಗಲೇ ಹೆಗಲು ಮುಟ್ಟಿಕೊಂಡಿದ್ದರು. ಬಲಗೈಯ ಮನುಷ್ಯನಿಗೆ ಎಡಗೈ ಇಷ್ಟು ಸಲೀಸಾಗಿ ಆಡಬೇಕಾದರೆ ಒಂದು ದಿನದ ಅಭ್ಯಾಸ ಸಾಲದು. ಅಣ್ಣ ಲಿಫ್ಟು ರಿಪೇರಿಗೆ ಹೋದ ಹಗಲುಗಳಲ್ಲಿ ಅವನ ಮೇಜಿನ ಮುಂದೆ ಯಾರು ಕೂರುತ್ತಿದ್ದರು?

ಸ್ಪೀಕರಿನಲ್ಲಿ ಅಜ್ಜಿ ನಿಧಾನವಾಗಿ ಕೇಳಿದಳು.

“ಯಾರು ನೀನು?”

ಮಾವನ ಬೆನ್ನು ಸೆಟೆಯಿತು.

“ಗಡಿಯಾರದವನ ಕೈ ನಂಗೆ ಗೊತ್ತು. ಇದು ಅದಲ್ಲ. ಆದ್ರೆ ಈ ಕೈಯನ್ನೂ ಒಂದು ಸಲ ಕೇಳಿದ್ದೀನಿ. ಎಡಚ ಸತ್ತ ಸಂಜೆ, ಎಡಚನ ಹೆಸರಲ್ಲಿ.”

ಮಾವ ಗುಂಡಿ ಒತ್ತಿ ಸೆಟ್ಟು ಆರಿಸಿದ.

“ಯಾಕೆ ಆರಿಸಿದ್ದು?” ಅಂದಳು ತಂಗಿ.

“ಬಿಸಿ ಆಗ್ತಿತ್ತು.”

ಅವಳು ಸೆಟ್ಟಿನ ಮೇಲೆ ಅಂಗೈಯಿಟ್ಟಳು. “ತಣ್ಣಗಿದೆ. ಬೆವರ್ತಿರೋದು ನೀನು.”

“ಏನಮ್ಮ, ನನ್ನ ಹತ್ರ ನೀನು ತಾನು ಅಂತ…”

“ಆ ಸೆಟ್ಟನ್ನ ಕಣ್ಣಲ್ಲೂ ನೋಡಿಲ್ಲ ಅಂತ ನೀನು ಪೊಲೀಸರಿಗೆ ಹೇಳಿದ್ದೆ. ನಮ್ಮಮ್ಮನ ಮುಂದೆನೂ ಅದನ್ನೇ ಹೇಳಿದ್ದೆ. ಕಣ್ಣಲ್ಲಿ ನೋಡದ ಸೆಟ್ಟಿಗೆ ಎಡಗೈ ಬೇಕು ಅಂತ ಹೇಗೆ ಗೊತ್ತಾಯ್ತು?”

“ನಂಗೆ ಎರಡೂ ಕೈ ಆಡುತ್ತೆ. ಯಾವುದೋ ಒಂದು ಇಟ್ಟೆ.”

“ಅಗ್ಗದ್ದಕ್ಕೆ ಬಲಗೈ ಇಟ್ಟೆ. ಇದಕ್ಕೆ ಮರೆ ಮಾಡ್ಕೊಂಡು ಎಡಗೈ ಇಟ್ಟೆ. ನಾವಿಬ್ರೂ ಆಗಲೇ ಒತ್ತಿ ನೋಡಿಯಾಗಿತ್ತು, ಕೇಳು ಇವರನ್ನ.”

ಬೆಣ್ಣೆ ತಲೆ ಆಡಿಸಿದ.

ಇಷ್ಟು ದಿನ ತಲೆ ಸವರಿ ಮಗಳೇ ಎಂದವನು. ಅಣ್ಣನ ಹೆಣಕ್ಕೆ ಹೆಗಲು ಕೊಟ್ಟವನು ಇವನು, ಅಮ್ಮನ ಮುಂದೆ ಕೂತು ಕಣ್ಣೊರೆಸಿಕೊಂಡವನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದಿದ್ದ. ತಂಗಿಗೆ ಕೈಯಲ್ಲಿ ಏನಾದರೂ ಭಾರವಾದದ್ದು ಬೇಕೆನ್ನಿಸಿತು, ದುಬಾರಿ ಸೆಟ್ಟು ಎಷ್ಟು ತೂಗಬಹುದೆಂದು ಕಣ್ಣಲ್ಲೇ ಅಳೆದಳು.

“ಅವನು ಆಗಲೇ ಬಿದ್ದಿದ್ದ, ಅಲ್ವಾ?” ಅಂದಳು. “ಬೆಳಕಿರುವಾಗಲೇ ಬಿದ್ದಿದ್ದ. ನೀನು ಒಳಗೆ ಕೂತು ಅವನ ಹೆಸರಲ್ಲಿ ಅಜ್ಜಿ ಜೊತೆ ಮಾತಾಡಿದೆ. ಆಮೇಲೆ ಹೋಗಿ ಭಾಷಣ ಮಾಡಿದೆ. ನೀನು ಮೈಕ್ ಮುಂದೆ ನಿಂತಾಗ ನಮ್ಮಣ್ಣ ಅಲ್ಲಿ ಅಂಗಳದಲ್ಲಿ ಬಿದ್ದಿದ್ದ.”

“ಒಬ್ಬ ಮುದುಕಿ ಕಿವಿ ನಂಬಿ ಯಾವ ಕೋರ್ಟು ನನ್ನ ಜೈಲಿಗೆ ಹಾಕುತ್ತೆ?”

“ಕೋರ್ಟಿನ ಮಾತು ಯಾರೆತ್ತಿದ್ರು? ನಾನು ಎತ್ತಿಲ್ಲ.”

ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ ಮಾವ ಕುರ್ಚಿ ಹಿಂದಕ್ಕೆ ಸರಿಸಿದ.

“ಮೇಡಂ, ನಂಗೊಂದು ಅರ್ಥ ಆಗ್ತಿಲ್ಲ,” ಅಂದ ಬೆಣ್ಣೆ. “ನನಗೆ ಮಾರಿದ್ದು ಇವರಲ್ಲ. ಹೆಂಗಸಿನ ದನಿ. ಪ್ರಮಾಣ ಮಾಡಿ ಹೇಳ್ತೀನಿ.”

ಮಾವನ ಕಣ್ಣು ಮೇಜಿನ ಅಂಚಿಗೆ ಹೋಗಿ ಬಂತು. ಹೋಗಬಾರದಿತ್ತು. ತಂಗಿಯ ಕಣ್ಣೂ ಅಲ್ಲಿಗೇ ಹೋಯಿತು.

ಫೋನು ಮತ್ತೆ ಗುರುಗುಟ್ಟುತ್ತಿತ್ತು. ಪರದೆಯ ಮೇಲೆ ಹೆಸರು: ಗೋಡೆ ಗಡಿಯಾರ ರಿಪೇರಿ.

ಮಾವ ಕೈ ಚಾಚಿದ. ಬಲಗೈಯನ್ನೇ ಚಾಚಿದ. ಆದರೆ ಎದುರಿನ ವಾಹನಕ್ಕಿಂತ ಅರೆಕ್ಷಣ ಮೊದಲು ಬ್ರೇಕ್ ಹಾಕಿ ಹೊಟ್ಟೆ ಹೊರೆದವಳು ತಂಗಿ. ಫೋನು ಅವಳ ಕೈಯಲ್ಲಿತ್ತು. ಒತ್ತಿ ಕಿವಿಗಿಟ್ಟಳು, ಮಾತಾಡಲಿಲ್ಲ.

“ಏನಾಯ್ತೋ? ಅಗ್ಗದ್ದಕ್ಕೆ ಒಪ್ಪಿಸಿದ್ಯಾ?” ಅಂದಿತು ಆಚೆಯ ದನಿ. “ಆ ಮಧ್ಯದ ಪೆಟ್ಟಿಗೆ ಬಿಚ್ಚಿಸಲಿಲ್ಲ ತಾನೆ ಅವಳು?”

ಬೆಳಗ್ಗೆ ಬುತ್ತಿ ಕಟ್ಟಿಕೊಟ್ಟ ದನಿ. ಯಾವ ಡಬ್ಬ ಯಾವುದೆಂದು ತಿಳಿಯದ ದನಿ. ಮಾವನ ಜೊತೆ ಮಾತು ಬಿಟ್ಟವಳು, ಅವನನ್ನು ಗಂಡನನ್ನೂ ಕರೆಯದಷ್ಟು ಸಲಿಗೆಯಿಂದ ಕರೆಯುತ್ತಿದ್ದಳು. ತಂಗಿಯ ಕಾಲು ಈ ಸಲ ಬ್ರೇಕು ಹುಡುಕಲಿಲ್ಲ.

“ಬಿಚ್ಚಿಸಿದೆ ಅತ್ತಿಗೆ,” ಅಂದಳು.

ಆಚೆ ಕಡೆ ಗಾಳಿ ಮೈಕಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮನೆಯೊಳಗೆ ಅಷ್ಟು ಗಾಳಿ ಬೀಸುವುದಿಲ್ಲ.

ಅತ್ತಿಗೆ ಮತ್ತೆ ಮಾತಾಡಿದಾಗ ದನಿಯಲ್ಲಿ ಗಾಬರಿ ಇರಲಿಲ್ಲ, ಬೆಳಗಿನ ಅದೇ ಅಕ್ಕರೆ ಇತ್ತು.

“ಹೌದಾ? ಇರಲಿ ಬಿಡು. ನಾನೂ ಅಮ್ಮನೂ ತಾರಸಿ ಮೇಲಿದ್ದೀವಿ. ಪಾಪ, ಕಣ್ಣು ಕಾಣಲ್ಲ ನೋಡು, ಕೈ ಹಿಡ್ಕೊಂಡು ನಿಲ್ಲಿಸಿದ್ದೀನಿ. ಮಾತಾಡ್ತೀಯಾ?”